ಸಿಬಿ ರೇಡಿಯೊ: ಎಸ್‌ಡಬ್ಲ್ಯುಆರ್ 3 ದಾಟುತ್ತಿದೆ, ಆಂಟೆನಾ ಕತ್ತರಿಸಬೇಕೆ?

ಹೊಸಮೈಕು:

ಪಿಕಪ್ ಗಾಡಿಗೆ 40 ಚಾನೆಲ್‌ನ ಸಿಬಿ ರೇಡಿಯೊ (ಗಾಡಿಯಿಂದ ಗಾಡಿಗೆ ಮಾತಾಡುವ, 27 ಮೆಗಾಹರ್ಟ್ಸ್ ಸುತ್ತಿನ ರೇಡಿಯೊ) ಕೂರಿಸಿದ್ದಾಗಿದೆ, ಆಂಟೆನಾ ಮಾತ್ರ ಹದಕ್ಕೆ ಬರುತ್ತಿಲ್ಲ. ಈಗಿರುವ ಸ್ಥಿತಿ:

ಆಂಟೆನಾ 4 ಅಡಿಯ ಫೈಬರ್‌ಗ್ಲಾಸ್ ಕಡ್ಡಿ, ತುದಿಯಲ್ಲಿ ಟ್ಯೂನಿಂಗ್ ಸ್ಕ್ರೂ ಇದೆ. ಹಿಂದಿನ ತೊಟ್ಟಿಯ ಅಂಚಿಗೆ ಕಪ್ಪು ಬಣ್ಣದ ಉಕ್ಕಿನ ಬ್ರಾಕೆಟ್, ಅದರ ಮೇಲೆ ಕಡ್ಡಿ. ಕೇಬಲ್ 18 ಅಡಿಯ ಆರ್‌ಜಿ-58 (50 ಓಮ್‌ನ ಆಂಟೆನಾ ಕೇಬಲ್), ಮಿಕ್ಕಿದ್ದನ್ನು ಸೀಟಿನ ಕೆಳಗೆ ಸುತ್ತಿ ಟೈ ಹಾಕಿದೆ. ಕರೆಂಟು ಸಿಗರೇಟ್ ಲೈಟರ್ ಸಾಕೆಟ್‌ನಿಂದ.

ಮೀಟರ್ ತೋರಿಸುವ ಎಸ್‌ಡಬ್ಲ್ಯುಆರ್ (ಹೊರಟ ಶಕ್ತಿ ಆಂಟೆನಾದಿಂದ ಎಷ್ಟು ವಾಪಸು ಬರುತ್ತದೆ ಎನ್ನುವುದರ ಅಳತೆ, 1 ಅಂದರೆ ಏನೂ ವಾಪಸಿಲ್ಲ): 1ನೇ ಚಾನೆಲ್‌ನಲ್ಲಿ 3ಕ್ಕಿಂತ ಮೇಲೆ, 20ರಲ್ಲಿ 2.6, 40ರಲ್ಲಿ 2.1. ಜೊತೆಗೆ ಎಂಜಿನ್ ಚಾಲೂ ಆದರೆ ಸ್ಪೀಕರಿನಲ್ಲಿ ಕುಯ್ಯ್ ಅನ್ನುವ ಸದ್ದು, ಆಕ್ಸಿಲರೇಟರ್ ಒತ್ತಿದಂತೆ ಏರುತ್ತದೆ.

ಕಡ್ಡಿಯನ್ನು ತುಸು ಕತ್ತರಿಸಿದರೆ ಸರಿಹೋದೀತೆ? ಕೇಬಲ್ ಉದ್ದ ಕಡಿಮೆ ಮಾಡಬಹುದೆ? ಈ ಸದ್ದಿಗೆ ಏನು ಮಾಡುವುದು?

ಬೆಸುಗೆಕಡ್ಡಿ:

ಕಟಿಂಗ್ ಪ್ಲೇಯರ್ ಕೆಳಗಿಡಿ ಮೊದಲು. 1ರಲ್ಲಿ ಹೆಚ್ಚು, 40ರಲ್ಲಿ ಕಡಿಮೆ ಬಂದರೆ ಆಂಟೆನಾ ಗಿಡ್ಡವಾಗಿದೆ ಅಂತ, ಉದ್ದವಾಗಿದೆ ಅಂತಲ್ಲ. 1ನೇ ಚಾನೆಲ್ 26.965 ಮೆಗಾಹರ್ಟ್ಸ್, 40ನೆಯದು 27.405. ಆವರ್ತನ ಇಳಿದಷ್ಟೂ ಉದ್ದದ ಕಡ್ಡಿ ಬೇಕು. ನಿಮ್ಮದು 40ರ ಆಚೆಗೆಲ್ಲೋ ಶ್ರುತಿಗೂಡುತ್ತಿದೆ. ಇನ್ನೂ ಕತ್ತರಿಸಿದರೆ ಮತ್ತಷ್ಟು ಆಚೆ ಹೋಗುತ್ತದೆ.

ಹಾಗಂತ ಸ್ಕ್ರೂ ತಿರುಗಿಸುವುದೂ ಈಗಲೇ ಬೇಡ. ಈ ಆವರ್ತನಗಳ ತರಂಗದ ಉದ್ದ ಸುಮಾರು 11 ಮೀಟರ್, ಅದರ ಕಾಲು ಭಾಗ 2.75 ಮೀಟರ್. ನಿಮ್ಮ ನಾಲ್ಕಡಿ ಕಡ್ಡಿ ಆ ಕೊರತೆಯನ್ನು ಒಳಗಿನ ತಂತಿಸುತ್ತಿನಿಂದ ತುಂಬಿಕೊಳ್ಳುತ್ತದೆ. ಆಂಟೆನಾದ ಇನ್ನರ್ಧ ನಿಮ್ಮ ಗಾಡಿಯ ಬಾಡಿ. ಬ್ರಾಕೆಟ್‌ಗೂ ಬಾಡಿಗೂ ಅರ್ಥ್ ಸರಿಯಾಗಿ ಕೂಡದಿದ್ದರೆ ಆ ಅರ್ಧ ಇಲ್ಲದಂತೆಯೇ, ಆಗಲೂ ಮೀಟರ್ ‘ಗಿಡ್ಡ’ ಅನ್ನುತ್ತದೆ. ಕಪ್ಪು ಬಣ್ಣದ ಬ್ರಾಕೆಟ್ ಅಂದಿರಲ್ಲ, ನನ್ನ ಗುಮಾನಿ ಅದರ ಮೇಲೆಯೇ.

ಕೇಬಲನ್ನು ರೇಡಿಯೊದಿಂದ ಬಿಚ್ಚಿ ಮಲ್ಟಿಮೀಟರ್ ಹಿಡಿಯಿರಿ. ಪ್ಲಗ್ಗಿನ ನಡುವಿನ ಪಿನ್ನಿನಿಂದ ಕಡ್ಡಿಯ ಬುಡದ ಲೋಹಕ್ಕೆ ಸೊನ್ನೆಯ ಹತ್ತಿರ ಬರಬೇಕು. ಪ್ಲಗ್ಗಿನ ಹೊರ ಕವಚದಿಂದ ಬ್ಯಾಟರಿಯ ನೆಗೆಟಿವ್‌ಗೆ 1 ಓಮ್‌ಗಿಂತ ಕಡಿಮೆ. ನಡುವಿನ ಪಿನ್ನಿಗೂ ಕವಚಕ್ಕೂ ಸಂಪರ್ಕವೇ ಇರಬಾರದು. ಇದ್ದರೆ ಬಹುತೇಕ ಸಲ ಸ್ಟಡ್ಡಿನ ನೈಲಾನ್ ವಾಷರ್ ತಪ್ಪು ಜಾಗದಲ್ಲಿ ಕೂತು ಕಡ್ಡಿಯ ಬುಡ ಬ್ರಾಕೆಟ್‌ಗೆ ತಾಗುತ್ತಿರುತ್ತದೆ. ಬುಡದಲ್ಲೇ ಕಾಯಿಲ್ ಇರುವ ಕೆಲವು ಆಂಟೆನಾಗಳು ಡಿಸಿಗೆ ಶಾರ್ಟ್ ತೋರಿಸುವುದುಂಟು, ಅವುಗಳ ಕಟ್ಟೋಣವೇ ಹಾಗೆ. ನಿಮ್ಮ ಕಡ್ಡಿ ಆ ಜಾತಿಯದಲ್ಲ.

ಎರಡನೆಯ ಅಳತೆ ಕೆಟ್ಟಿದ್ದರೆ ಬೋಲ್ಟ್ ಕೂರುವ ಜಾಗದಲ್ಲಿ ಬ್ರಾಕೆಟ್ಟಿನದೂ ತೊಟ್ಟಿಯದೂ ಬಣ್ಣ ಕೆರೆದು ಲೋಹ ಹೊಳೆಯುವಂತೆ ಮಾಡಿ. ಹಲ್ಲಿರುವ ವಾಷರ್ ಹಾಕಿ ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿ, ಇಲ್ಲದಿದ್ದರೆ ಒಂದು ಮಳೆಗಾಲಕ್ಕೆ ತುಕ್ಕು ಬಂದು ಮತ್ತೆ ಇದೇ ಕಥೆ. ಪಿಕಪ್‌ನಲ್ಲಿ ತೊಟ್ಟಿಯೇ ಬೇರೆ, ಚಾಸಿಯೇ ಬೇರೆ. ತೊಟ್ಟಿಯಿಂದ ಚಾಸಿಗೆ, ಚಾಸಿಯಿಂದ ಕ್ಯಾಬಿನ್ನಿಗೆ ಹೆಣೆದ ತಾಮ್ರದ ಪಟ್ಟಿ ಹಾಕಿ. ಪಟ್ಟಿ ಅಗಲವಾಗಿರಲಿ, ಆದಷ್ಟು ಮೋಟಾಗಿರಲಿ. ಉದ್ದನೆ ತೆಳು ತಂತಿ ಮಲ್ಟಿಮೀಟರ್‌ಗೆ ಅರ್ಥ್ ಅನ್ನಿಸಿಕೊಳ್ಳುತ್ತದೆ, 27 ಮೆಗಾಹರ್ಟ್ಸ್‌ಗೆ ಅದು ಅರ್ಥ್ ಅಲ್ಲ.

ಇದೆಲ್ಲ ಮುಗಿಯುವ ತನಕ ಉದ್ದನೆ ಮಾತು ಬೇಡ, ಮೈಕ್ ಒತ್ತಿಕೊಂಡೇ ಕೂರಬೇಡಿ. 3ರಲ್ಲಿ ಹೊರಟ ಶಕ್ತಿಯ ಕಾಲು ಭಾಗ ವಾಪಸು ಬರುತ್ತದೆ, 2ರಲ್ಲಿ ಶೇ. 11, 1.5ರಲ್ಲಿ ಶೇ. 4. ಆಂಟೆನಾ ಸಿಕ್ಕಿಸದೆ ಒತ್ತಿದರಂತೂ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟೀತು.

ಹನ್ನೊಂದುಮೀಟರ್:

ಮೇಲಿನದಕ್ಕೆ ಸಹಮತ. ಅಳೆಯುವ ಕ್ರಮ ತಪ್ಪಿದರೂ ಸುಳ್ಳು ಅಂಕಿ ಬರುತ್ತದೆ, ಅದನ್ನೂ ನೋಡಿಕೊಳ್ಳಿ.

ಗಾಡಿ ಬಯಲಲ್ಲಿರಲಿ. ಗೋಡೆ, ಶೀಟ್ ಛಾವಣಿ, ಮರ, ಬೇರೆ ಗಾಡಿ ಇವುಗಳಿಂದ ಹತ್ತು ಮೀಟರಾದರೂ ದೂರ. ಬಾಗಿಲು ಮುಚ್ಚಿ, ಕಡ್ಡಿಯ ಪಕ್ಕ ಯಾರೂ ನಿಲ್ಲಬಾರದು. ಮೀಟರ್ ರೇಡಿಯೊಗೂ ಕೇಬಲಿಗೂ ನಡುವೆ: ರೇಡಿಯೊದಿಂದ ಮೀಟರ್‌ಗೆ ಅರ್ಧ ಮೀಟರಿನ ಆಸುಪಾಸಿನ 50 ಓಮ್‌ನ ತುಂಡು ಕೇಬಲ್, ಮೀಟರಿನಿಂದ ಆಂಟೆನಾಗೆ ಈಗಿರುವ ಕೇಬಲ್. ಎರಡು ಬದಿ ಅದಲುಬದಲಾದರೆ ಓದಿದ್ದೆಲ್ಲ ವ್ಯರ್ಥ.

ಮೊದಲು ಆ ಚಾನೆಲ್‌ನಲ್ಲಿ ಯಾರೂ ಮಾತಾಡುತ್ತಿಲ್ಲ ಎಂದು ಕೇಳಿಕೊಳ್ಳಿ. ಮೀಟರಿನ ಸ್ವಿಚ್ ‘ಫಾರ್ವರ್ಡ್’ನಲ್ಲಿಟ್ಟು ಮೈಕ್ ಒತ್ತಿ, ಮಾತಾಡದೆ, ಗುಬುಟು ತಿರುಗಿಸಿ ಮುಳ್ಳನ್ನು ‘ಸೆಟ್’ ಗುರುತಿಗೆ ತನ್ನಿ. ಒತ್ತಿದಂತೆಯೇ ಸ್ವಿಚ್ಚನ್ನು ‘ರಿಫ್ಲೆಕ್ಟೆಡ್’ಗೆ ಹಾಕಿ ಓದಿ, ಮೈಕ್ ಬಿಡಿ. ಐದಾರು ಸೆಕೆಂಡಿನ ಕೆಲಸ. ಚಾನೆಲ್ ಬದಲಿಸಿದಾಗಲೆಲ್ಲ ‘ಸೆಟ್’ ಹೊಸದಾಗಿ ಮಾಡಬೇಕು, ಇದನ್ನು ಮರೆಯುವವರೇ ಹೆಚ್ಚು.

1, 20, 40 ಮೂರರಲ್ಲೂ ಬರೆದಿಟ್ಟುಕೊಳ್ಳಿ. ಎರಡು ತುದಿಗಳು ಸಮವಾಗಿ ನಡುವೆ ತಗ್ಗಿದ್ದರೆ ಉದ್ದ ಸರಿ. 1ರಲ್ಲಿ ಜಾಸ್ತಿಯಾದರೆ ಸ್ಕ್ರೂ ಹೊರಕ್ಕೆ, 40ರಲ್ಲಿ ಜಾಸ್ತಿಯಾದರೆ ಒಳಕ್ಕೆ. ಸಲಕ್ಕೆ ಎರಡು ಸುತ್ತು ಸಾಕು. ಸ್ಟೀಲ್ ಕಡ್ಡಿ ಇರುವವರು ಕತ್ತರಿಸಲೇಬೇಕಾದರೆ ಸಲಕ್ಕೆ 3 ಮಿಲಿಮೀಟರ್. ಮೂರೂ ಚಾನೆಲ್‌ಗಳಲ್ಲಿ 3ಕ್ಕಿಂತ ಮೇಲಿದ್ದರೆ ಅದು ಉದ್ದದ ತಕರಾರಲ್ಲ, ಶಾರ್ಟ್ ಇಲ್ಲವೇ ತುಂಡಾದ ಕೇಬಲ್ ಇಲ್ಲವೇ ಅರ್ಥ್.

ತಂತಿಗಾರ:

ಕೇಬಲ್ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. 18 ಅಡಿ ಇರಲೇಬೇಕು, ಕತ್ತರಿಸಿದರೆ ಎಸ್‌ಡಬ್ಲ್ಯುಆರ್ ಕೆಡುತ್ತದೆ. ಅದು ಅರ್ಧ ತರಂಗದ ಲೆಕ್ಕ, ಮುಟ್ಟಬೇಡಿ.

ಹನ್ನೊಂದುಮೀಟರ್:

ತಂತಿಗಾರರೇ, ಆ ಲೆಕ್ಕ ಗಾಳಿಯಲ್ಲಿ ಸರಿ, ಕೇಬಲಿನೊಳಗೆ ಸರಿಯಲ್ಲ. 18 ಅಡಿ ಅಂದರೆ 5.5 ಮೀಟರ್, ಬಯಲಲ್ಲಿ ಅರ್ಧ ತರಂಗ ಹೌದು. ಆರ್‌ಜಿ-58ರೊಳಗೆ ಅಲೆ ಬೆಳಕಿನ ವೇಗದ 0.66 ಪಾಲಿನಲ್ಲಿ ಚಲಿಸುತ್ತದೆ, ಹಾಗಾಗಿ ಅಲ್ಲಿ ಅರ್ಧ ತರಂಗ ಸುಮಾರು 3.65 ಮೀಟರ್, ಅಂದರೆ 12 ಅಡಿ. 18ಕ್ಕೆ ಆ ಪಾವಿತ್ರ್ಯವೇನೂ ಇಲ್ಲ.

50 ಓಮ್ ಕೇಬಲಿನ ಉದ್ದ ಬದಲಿಸಿದರೆ ನಿಜವಾದ ಎಸ್‌ಡಬ್ಲ್ಯುಆರ್ ಹೆಚ್ಚುಕಮ್ಮಿ ಹಾಗೆಯೇ ಇರುತ್ತದೆ. ಉದ್ದ ಬದಲಿಸಿದಾಗ ಮುಳ್ಳು ಕುಣಿದರೆ ಕೇಬಲಿನ ಹೊರಕವಚದ ಮೇಲೆಯೇ ಕರೆಂಟು ಹರಿಯುತ್ತಿದೆ, ಅಂದರೆ ಬಾಡಿಯ ಕೆಲಸವನ್ನು ಕೇಬಲ್ ಮಾಡುತ್ತಿದೆ ಅಂತ. ಮತ್ತೆ ಅರ್ಥ್ ಬುಡಕ್ಕೇ ಬಂದು ನಿಲ್ಲುತ್ತೇವೆ.

ಹೊಸಮೈಕು, ಕತ್ತರಿಸುವ ಅಗತ್ಯ ಮಾತ್ರ ಇಲ್ಲ. 27 ಮೆಗಾಹರ್ಟ್ಸ್‌ನಲ್ಲಿ 18 ಅಡಿ ಆರ್‌ಜಿ-58 ನುಂಗುವುದು ಅರ್ಧ ಡೆಸಿಬಲ್ಲಿನಷ್ಟೂ ಅಲ್ಲ. ಪ್ಲಗ್ ಮತ್ತೆ ಬೆಸೆಯುವಾಗ ಜಾಲರಿಯ ಒಂದು ಎಳೆ ಪಿನ್ನಿಗೆ ತಾಗಿದರೆ ಹೊಸ ತಲೆನೋವು. ಮಿಕ್ಕಿದ್ದನ್ನು ಬಿಗಿಯಾದ ಸುರುಳಿ ಮಾಡುವ ಬದಲು ಒಂದಡಿ ಉದ್ದದ ಸಡಿಲ ಮಡಿಕೆಗಳಾಗಿ ಮಡಚಿ ಕಟ್ಟಿ. ಬಾಗಿಲ ಸಂದಿಯಲ್ಲಿ ಜಜ್ಜಿಹೋಗದಂತೆ ನೋಡಿಕೊಳ್ಳಿ.

ತಂತಿಗಾರ:

0.66ರ ಲೆಕ್ಕ ಒಪ್ಪಿದೆ. ಆದರೆ ಒಂದೇ ಕೇಬಲಿನಿಂದ ಎರಡು ಕಡ್ಡಿ ಓಡಿಸುವ ಜೋಡಿ ಆಂಟೆನಾಗಳಿಗೆ ಉದ್ದ ಮುಖ್ಯ. ಅಲ್ಲಿ 75 ಓಮ್ ಕೇಬಲ್ ಹೊಂದಾಣಿಕೆಯ ಕೆಲಸವನ್ನೂ ಮಾಡುತ್ತದೆ, ಮನಸ್ಸಿಗೆ ಬಂದಂತೆ ಕತ್ತರಿಸುವಂತಿಲ್ಲ. ಇದನ್ನು ಓದಿ ಯಾರಾದರೂ ಅದಕ್ಕೂ ಕೈ ಹಾಕಿಯಾರು.

ಮೌನಸ್ಕ್ವೆಲ್ಚ್:

ಸದ್ದಿನ ವಿಚಾರ. ಎಂಜಿನ್ ಚಾಲೂ ಇಟ್ಟು, ಕುಯ್ಯ್ ಕೇಳುತ್ತಿರುವಾಗಲೇ ಆಂಟೆನಾ ಪ್ಲಗ್ ಬಿಚ್ಚಿ (ಆಗ ಮೈಕ್ ಮುಟ್ಟಬೇಡಿ). ಸದ್ದು ಉಳಿದರೆ ಕರೆಂಟು ತಂತಿಯಿಂದ ಬರುತ್ತಿದೆ, ನಿಂತರೆ ಆಂಟೆನಾದಿಂದ. ಆಕ್ಸಿಲರೇಟರ್ ಜೊತೆ ಏರುವ ಕುಯ್ಯ್ ಸಾಮಾನ್ಯವಾಗಿ ಆಲ್ಟರ್ನೇಟರಿನದು, ಲೈಟರ್ ಸಾಕೆಟ್ ಅದಕ್ಕೆ ಹೆದ್ದಾರಿ. ಟಕಟಕ ಎಂದು ಬಡಿಯುವುದು ಇಗ್ನಿಷನ್‌ನದು. ಎಂಜಿನ್ ವೇಗಕ್ಕೂ ಸದ್ದಿಗೂ ಸಂಬಂಧವೇ ಇಲ್ಲದಿದ್ದರೆ ಮೊಬೈಲ್ ಚಾರ್ಜರ್ ಮತ್ತು ಎಲ್‌ಇಡಿ ದೀಪಗಳನ್ನು ಒಂದೊಂದಾಗಿ ಕಳಚಿ ನೋಡಿ.

ಸಾಕೆಟ್ ಬಿಡಿ. ಬ್ಯಾಟರಿಯ ಪಾಸಿಟಿವ್‌ನಿಂದ ನೇರ 2.5 ಚದರ ಮಿಲಿಮೀಟರ್ ತಂತಿ ಎಳೆಯಿರಿ, ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲಿ. ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಲೋಹದ ಗೋಡೆ ದಾಟುವಲ್ಲಿ ರಬ್ಬರ್ ಗ್ರೊಮೆಟ್ ಹಾಕಿ. ಎಎಂನಲ್ಲಿ 4 ವಾಟ್ ಹೊರಡಿಸುವ ರೇಡಿಯೊ 2 ಆಂಪ್ ಆಸುಪಾಸು ಎಳೆಯುತ್ತದೆ, ಬ್ಯಾಟರಿ ಬಳಿ 5 ಆಂಪ್ ಫ್ಯೂಸ್ ಸಾಕು. ರೇಡಿಯೊ ತಂತಿಯಲ್ಲೇ ಬಂದಿರುವ ಚಿಕ್ಕ ಫ್ಯೂಸನ್ನು ಅದರದೇ ಅಳತೆಯಲ್ಲಿ ಉಳಿಸಿ. ನೆಗೆಟಿವ್ ವಿಚಾರದಲ್ಲಿ ಒಂದು ಎಚ್ಚರ: ಈಚಿನ ಗಾಡಿಗಳಲ್ಲಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ ಕರೆಂಟು ಅಳೆಯುವ ಸೆನ್ಸರ್ ಇರುತ್ತದೆ. ಹಾಗಿದ್ದರೆ ಕಂಬಕ್ಕೆ ಕಟ್ಟದೆ, ಸೆನ್ಸರಿನಾಚೆ ಬ್ಯಾಟರಿ ಕೇಬಲ್ ಬಾಡಿಗೆ ಸೇರುವ ಬೋಲ್ಟಿಗೆ ಕಟ್ಟಿ.

ಹೀಗೆ ಮಾಡಿದ ಮೇಲೂ ಉಳಿದರೆ ತಂತಿಯನ್ನು ಫೆರೈಟ್ ಉಂಗುರದೊಳಗೆ ಐದಾರು ಸುತ್ತು ಹಾಯಿಸಿ. ಅದೂ ಸಾಲದಿದ್ದರೆ ಫಿಲ್ಟರ್. ಎನ್‌ಬಿ (ನಾಯ್ಸ್ ಬ್ಲಾಂಕರ್) ಗುಂಡಿ ಟಕಟಕಕ್ಕೆ ಕೆಲಸ ಮಾಡುತ್ತದೆ, ಕುಯ್ಯ್‌ಗೆ ಮಾಡುವುದಿಲ್ಲ. ಸ್ಕ್ವೆಲ್ಚ್ (ಬಲವಾದ ಸಿಗ್ನಲ್ ಬರುವ ತನಕ ಸ್ಪೀಕರನ್ನು ಸುಮ್ಮನಿರಿಸುವ ಗುಬುಟು) ಏರಿಸಿ ಸದ್ದನ್ನು ಮುಚ್ಚುವವರಿದ್ದಾರೆ, ಸದ್ದಿನ ಜೊತೆ ದೂರದ ದನಿಯೂ ಮುಚ್ಚಿಹೋಗುತ್ತದೆ. ಮರಳು ಸುರಿದಂಥ ಸದ್ದು ಆಗಷ್ಟೇ ನಿಲ್ಲುವಲ್ಲಿ ಸ್ಕ್ವೆಲ್ಚ್ ಇರಬೇಕು, ಅದಕ್ಕಿಂತ ಕೂದಲಷ್ಟೂ ಮೇಲೆ ಬೇಡ.

ಹೊಸಮೈಕು:

ಪ್ಲಗ್ ಕವಚದಿಂದ ಬ್ಯಾಟರಿ ನೆಗೆಟಿವ್‌ಗೆ 15 ಓಮ್, ಬ್ರಾಕೆಟ್ ಅಲುಗಿಸಿದರೆ 60! ಬಣ್ಣ ಕೆರೆದು, ಎರಡು ತಾಮ್ರದ ಪಟ್ಟಿ ಹಾಕಿದ ಮೇಲೆ 0.3. ಸ್ಕ್ರೂ ಮುಟ್ಟದೆಯೇ ಈಗ 1ರಲ್ಲಿ 2.2, 20ರಲ್ಲಿ 1.7, 40ರಲ್ಲಿ 1.4. ಕರೆಂಟು ನೇರ ಬ್ಯಾಟರಿಯಿಂದ ಎಳೆದೆ, ಕುಯ್ಯ್ ಬಹುಪಾಲು ಹೋಯಿತು. ಸ್ಕ್ರೂ ಹೊರಕ್ಕೆ ತಾನೆ?

ಬೆಸುಗೆಕಡ್ಡಿ:

ಹೊರಕ್ಕೇ. ಸ್ಕ್ರೂ ಪೂರ್ತಿ ಹೊರಬಂದರೂ 1ರ ಕಡೆ ಇಳಿಯದಿದ್ದರೆ ಬುಡಕ್ಕೆ ಸ್ಪ್ರಿಂಗ್ ಸೇರಿಸಿ, ಅದು ನಾಲ್ಕೈದು ಇಂಚು ಉದ್ದ ಕೊಡುತ್ತದೆ. ಕಡಿಮೆಯಾದಷ್ಟೂ ಒಳ್ಳೆಯದು ಅಂತ 1.0 ಹುಡುಕುತ್ತ ಕೂರಬೇಡಿ. 50 ಓಮ್‌ನ ಒಂದು ರೆಸಿಸ್ಟರ್ ಸಿಕ್ಕಿಸಿದರೂ ಮೀಟರ್ 1.0 ತೋರಿಸುತ್ತದೆ, ದನಿ ಮಾತ್ರ ರಸ್ತೆ ದಾಟುವುದಿಲ್ಲ. ನೀರು ಕುಡಿದ ಕೇಬಲ್ಲೂ ಹಾಗೆಯೇ ಮೋಸ ಮಾಡುತ್ತದೆ.

ಪೆಟ್ಟಿಗೆ ಬಿಚ್ಚಿ ಒಳಗಿನ ಸ್ಕ್ರೂಗಳನ್ನು ತಿರುಗಿಸಿ ‘ಪವರ್ ಜಾಸ್ತಿ ಮಾಡಿಕೊಡುತ್ತೇವೆ’ ಅನ್ನುವವರ ಹತ್ತಿರ ಹೋಗಬೇಡಿ. ದನಿ ಒಡೆದು ಪಕ್ಕದ ಚಾನೆಲ್‌ಗಳಿಗೆ ಚೆಲ್ಲುತ್ತದೆ, ಕಾನೂನೂ ಒಪ್ಪುವುದಿಲ್ಲ. 4 ವಾಟನ್ನು 8 ಮಾಡಿದರೂ ಎದುರಿನವರ ಎಸ್-ಮೀಟರಿನಲ್ಲಿ (ಬಂದ ಸಿಗ್ನಲ್ಲಿನ ಬಲ ತೋರಿಸುವುದು) ಏರುವುದು ಅರ್ಧ ಗೆರೆ.

ಹೊಸಮೈಕು:

ಆರು ಸುತ್ತು ಹೊರಕ್ಕೆ: 1ರಲ್ಲಿ 1.5, 20ರಲ್ಲಿ 1.2, 40ರಲ್ಲಿ 1.5. ಆದರೆ ಮೈಕ್ ಒತ್ತಿ ಮಾತಾಡಿದರೆ ಪಕ್ಕದ ಗಾಡಿಯ ರೇಡಿಯೊಗೆ ಕೇಳುತ್ತಿಲ್ಲ. ಅದೇ ಚಾನೆಲ್ಲಿದೆ.

ಮೌನಸ್ಕ್ವೆಲ್ಚ್:

ಪಿಎ/ಸಿಬಿ ಸ್ವಿಚ್ ಪಿಎ ಕಡೆ ಇದ್ದರೆ ದನಿ ಹೊರಗಿನ ಲೌಡ್‌ಸ್ಪೀಕರಿಗೆ ಹೋಗುತ್ತದೆ, ಗಾಳಿಗೆ ಹೋಗುವುದಿಲ್ಲ. ಅದು ಸರಿ ಇದ್ದರೆ ಮೈಕ್ ಗೇನ್ ಸೊನ್ನೆಯಲ್ಲಿದೆಯೇ ನೋಡಿ. ಆಮೇಲೆ ಒಂದು ಎಎಂ, ಇನ್ನೊಂದು ಎಫ್‌ಎಂನಲ್ಲಿದೆಯೇ, ಎರಡಕ್ಕೂ ಒಂದೇ ದೇಶದ ಚಾನೆಲ್ ಪಟ್ಟಿ ಹಾಕಿದೆಯೇ ನೋಡಿ. ಹಲವು ದೇಶಗಳ ಪಟ್ಟಿ ಇರುವ ರೇಡಿಯೊಗಳಲ್ಲಿ ಬ್ರಿಟನ್ನಿನ ಹಳೆಯ 40 ಚಾನೆಲ್‌ಗಳು 27.60125 ಮೆಗಾಹರ್ಟ್ಸ್‌ನಿಂದ ಶುರುವಾಗುತ್ತವೆ, ಪರದೆ ಮೇಲೆ ಚಾನೆಲ್ ಸಂಖ್ಯೆ ಒಂದೇ ಕಂಡರೂ ಆವರ್ತನ ಬೇರೆ.

ಹೊಸಮೈಕು:

ಪಿಎ ಸ್ವಿಚ್ಚೇ. ಈಗ ಕೇಳಿಸುತ್ತಿದೆ.

ಬೆಸುಗೆಕಡ್ಡಿ:

ಸ್ಕ್ರೂವಿನ ಲಾಕ್ ನಟ್ ಬಿಗಿ ಮಾಡಿ, ತುದಿಯ ರಬ್ಬರ್ ಟೋಪಿ ಹಾಕಿ ಇನ್ನೊಮ್ಮೆ ಅಳೆಯಿರಿ. ಟೋಪಿ ಹಾಕಿದ ಮೇಲೆ ಅಂಕಿ ತುಸು ಸರಿಯುತ್ತದೆ.