ರೇಷ್ಮೆ ಹಾಸು, ರೇಯಾನ್ ಹೊಕ್ಕು: ನೆನೆಸಿದಾಗ ಬಟ್ಟೆಯ ಉದ್ದ ಕುಗ್ಗಿದ್ದೇಕೆ?

ಪ್ರಶ್ನೆ

ಹೊಲಿಯಲೆಂದು ತಂದಿರುವ ಬಟ್ಟೆಯೊಂದರಲ್ಲಿ ಹಾಸಿನ (ಉದ್ದಕ್ಕೆ ಸಾಗುವ) ಎಳೆಗಳು ರೇಷ್ಮೆಯವು, ಹೊಕ್ಕಿನವು (ಅಗಲಕ್ಕೆ ಸಾಗುವವು) ವಿಸ್ಕೋಸ್ ರೇಯಾನ್‌ನವು. ಕತ್ತರಿಸುವ ಮೊದಲು ಒಂದು ತುಂಡಿಗೆ ಅಳತೆಯ ಗುರುತು ಹಾಕಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಒಣಗಿಸಿ ನೋಡಿದೆ. ಕುಗ್ಗುವ ಸ್ವಭಾವ ರೇಯಾನಿನದು ಎಂದು ತಿಳಿದಿದ್ದರಿಂದ ಅಗಲ ಕಡಿಮೆಯಾದೀತೆಂದು ಎಣಿಸಿದ್ದೆ. ಆದರೆ ಹೆಚ್ಚು ಕುಗ್ಗಿದ್ದು ಉದ್ದ, ಅಂದರೆ ರೇಷ್ಮೆ ಇರುವ ದಿಕ್ಕು. ಅಲ್ಲದೆ, ಒದ್ದೆಯಿದ್ದಾಗ ಮೆಲ್ಲನೆ ಹಿಂಡಿದ್ದಕ್ಕೇ ಹೊಕ್ಕಿನ ಕೆಲವು ಎಳೆಗಳು ತುಂಡಾದವು. ಒಣಗಿದ ಬಟ್ಟೆಯಲ್ಲಿ ಆ ದೌರ್ಬಲ್ಯ ಕಾಣಲಿಲ್ಲ. ಇದಕ್ಕೆ ಕಾರಣವೇನು? ಮುಂದೆ ಇದಕ್ಕೆ ಬಣ್ಣ ಹಾಕುವ ಯೋಚನೆಯೂ ಇದೆ.

ಉತ್ತರ 1

ನಿಮ್ಮ ಅಳತೆ ಸರಿಯಾಗಿಯೇ ಇದೆ. ರೇಯಾನ್ ಎಂದರೆ ಮರದ ತಿರುಳಿನ ಸೆಲ್ಯುಲೋಸನ್ನು ಕರಗಿಸಿ ಮತ್ತೆ ಎಳೆಯಾಗಿ ತೆಗೆದದ್ದು. ನೀರು ತಾಗಿದೊಡನೆ ಅದು ದಪ್ಪದಲ್ಲಿ ಬಹಳವಾಗಿ ಉಬ್ಬುತ್ತದೆ. ರೇಷ್ಮೆ ಅಷ್ಟು ಉಬ್ಬುವುದಿಲ್ಲ. ಹಾಸಿನ ಎಳೆಯು ಪ್ರತಿಯೊಂದು ಹೊಕ್ಕಿನ ಮೇಲೆ ಮತ್ತು ಕೆಳಗೆ ಬಳಸಿಕೊಂಡು ಸಾಗಬೇಕಾದ್ದರಿಂದ, ಹೊಕ್ಕು ದಪ್ಪವಾದಾಗ ಆ ಬಳಸುದಾರಿ ಉದ್ದವಾಗುತ್ತದೆ. ರೇಷ್ಮೆಯ ಎಳೆ ತಾನಾಗಿ ಹಿಗ್ಗದೆ ಇರುವುದರಿಂದ ಹೊಕ್ಕುಗಳೇ ಒಂದಕ್ಕೊಂದು ಹತ್ತಿರ ಸರಿಯುತ್ತವೆ. ಕುಗ್ಗಿದ್ದು ರೇಷ್ಮೆಯ ದಿಕ್ಕಾದರೂ ಕುಗ್ಗಿಸಿದ್ದು ರೇಯಾನ್. ಇದರ ಜೊತೆಗೆ, ಮಗ್ಗದಲ್ಲಿ ಹಾಸನ್ನು ಬಿಗಿಯಾಗಿ ಎಳೆದಿದ್ದರೆ ಆ ಬಿಗಿಯೂ ನೀರಿನಲ್ಲಿ ಸಡಿಲಗೊಳ್ಳುತ್ತದೆ.

ಎಳೆ ತುಂಡಾದದ್ದಕ್ಕೂ ನೀರೇ ಕಾರಣ. ಸಾಮಾನ್ಯ ವಿಸ್ಕೋಸ್ ಒದ್ದೆಯಾದಾಗ ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ, ರೇಷ್ಮೆ ಕಳೆದುಕೊಳ್ಳುವುದು ಸುಮಾರು 15ರಿಂದ 20 ಪ್ರತಿಶತ. ಒಣಗಿದ ಮೇಲೆ ಎರಡಕ್ಕೂ ಬಲ ಮರಳುತ್ತದೆ. ಆದ್ದರಿಂದ ಈ ಬಟ್ಟೆಯನ್ನು ಹಿಂಡಲೇಬಾರದು. ದಪ್ಪ ಒಣಬಟ್ಟೆಯ ನಡುವೆ ಸುತ್ತಿ ಒತ್ತಿ ನೀರು ತೆಗೆದು, ಸಮತಟ್ಟಾಗಿ ಹರಡಿ ಒಣಗಿಸಬೇಕು. ಕತ್ತರಿಸುವ ಮೊದಲು ಇಡೀ ಬಟ್ಟೆಯನ್ನು ಒಮ್ಮೆ ನೆನೆಸಿಬಿಡಿ, ಇದರಲ್ಲಿ ರಿಯಾಯಿತಿ ಬೇಡ.

ಉತ್ತರ 2

ಬಣ್ಣದ ವಿಷಯಕ್ಕೆ ಬರುತ್ತೇನೆ. ರೇಷ್ಮೆ ಪ್ರೋಟೀನ್ ಆದ್ದರಿಂದ ಆಮ್ಲ ಬಣ್ಣಗಳನ್ನು (ಹುಳಿ ದ್ರಾವಣದಲ್ಲಿ ಹಾಕುವಂಥವು) ಚೆನ್ನಾಗಿ ಹಿಡಿಯುತ್ತದೆ, ಆದರೆ ಅದೇ ಬಣ್ಣ ರೇಯಾನಿಗೆ ಹೆಚ್ಚುಕಡಿಮೆ ಅಂಟುವುದೇ ಇಲ್ಲ. ಎರಡಕ್ಕೂ ಒಟ್ಟಿಗೆ ಬಣ್ಣ ಬರಬೇಕಾದರೆ ರಿಯಾಕ್ಟಿವ್ ಬಣ್ಣ (ನಾರಿನೊಡನೆ ರಾಸಾಯನಿಕವಾಗಿ ಬೆಸೆದುಕೊಳ್ಳುವಂಥದ್ದು) ಬಳಸಬಹುದು. ಆಗಲೂ ಎರಡರ ಛಾಯೆ ಒಂದೇ ಆಗುತ್ತದೆಂಬ ಭರವಸೆ ಇಲ್ಲ. ಅದಕ್ಕೆ ಬೇಕಾಗುವ ಕ್ಷಾರವನ್ನು ಮಿತವಾಗಿ ಬಳಸಿ, ಏಕೆಂದರೆ ಪ್ರಬಲ ಕ್ಷಾರದ ಬಿಸಿ ದ್ರಾವಣ ರೇಷ್ಮೆಯನ್ನೇ ಕರಗಿಸಬಲ್ಲದು. ನನ್ನ ಅಭಿಪ್ರಾಯದಲ್ಲಿ ಈ ವ್ಯತ್ಯಾಸವನ್ನು ಮರೆಮಾಡುವುದಕ್ಕಿಂತ ಬಳಸಿಕೊಳ್ಳುವುದು ಮೇಲು: ಹಾಸಿನ ಎಳೆಗೆ ಒಂದು ಬಣ್ಣ, ಹೊಕ್ಕಿಗೆ ಇನ್ನೊಂದು ಬಂದರೆ, ಬಟ್ಟೆ ಅಲುಗಿದಾಗಲೆಲ್ಲ ಬಣ್ಣ ಬದಲಾದಂತೆ ತೋರುವ ಸೊಗಸು ಸಿಗುತ್ತದೆ.

ಕ್ಲೋರಿನ್ ಇರುವ ಬ್ಲೀಚನ್ನು ಮಾತ್ರ ಹತ್ತಿರಕ್ಕೂ ತರಬೇಡಿ. ಅದು ರೇಷ್ಮೆಯನ್ನು ಕರಗಿಸುತ್ತದೆ. ಪ್ರಯೋಗಾಲಯಗಳಲ್ಲಿ ಇಂಥ ಮಿಶ್ರಣದ ಪ್ರಮಾಣ ಅಳೆಯಲು ಹೈಪೋಕ್ಲೋರೈಟ್‌ನಿಂದ (ಆ ಬ್ಲೀಚಿನಲ್ಲಿರುವ ರಾಸಾಯನಿಕ) ರೇಷ್ಮೆಯನ್ನು ಕರಗಿಸಿ, ಉಳಿದ ರೇಯಾನನ್ನು ತೂಗುವ ಪದ್ಧತಿಯೇ ಇದೆ.

ಪ್ರಶ್ನೆ ಕೇಳಿದವರಿಂದ

ವಿವರಣೆಗೆ ಕೃತಜ್ಞತೆಗಳು. ಎರಡು ನಾರುಗಳನ್ನೂ ಒಂದೇ ನೂಲಿನಲ್ಲಿ ಬೆರೆಸಿ ನೇಯ್ದ ಬಟ್ಟೆಯೂ ಹೀಗೆಯೇ ವರ್ತಿಸುತ್ತದೆಯೇ?

ಉತ್ತರ 3

ಇಲ್ಲ. ಬೆರೆಸಿದ ನೂಲನ್ನೇ ಹಾಸಿಗೂ ಹೊಕ್ಕಿಗೂ ಬಳಸಿದಾಗ ರೇಯಾನ್ ಎರಡೂ ದಿಕ್ಕಿನಲ್ಲಿ ಇರುವುದರಿಂದ ಉಬ್ಬುವಿಕೆ ಒಂದೇ ಕಡೆಗೆ ಸೀಮಿತವಾಗುವುದಿಲ್ಲ, ಒದ್ದೆಯಾದಾಗಿನ ದೌರ್ಬಲ್ಯವೂ ಎರಡು ಕಡೆಗೆ ಹಂಚಿಹೋಗುತ್ತದೆ. ಹಾಗೆ ಬೆರೆಸಲು ಸಾಮಾನ್ಯವಾಗಿ ರೇಷ್ಮೆಯನ್ನು ತುಂಡುನಾರಾಗಿ ಮಾಡಿ ನೂಲುವುದರಿಂದ, ಗೂಡಿನಿಂದ ಬಿಚ್ಚಿದ ಅಖಂಡ ಎಳೆಯ ಹೊಳಪು ಅಲ್ಲಿ ಸ್ವಲ್ಪ ಮಂಕಾಗುತ್ತದೆ.

ಮೈಮೇಲಿನ ಹಿತದಲ್ಲಿ ಮಾತ್ರ ಇವೆರಡೂ ಆಪ್ತ ನಾರುಗಳು: ಸಾಮಾನ್ಯ ತೇವದ ಗಾಳಿಯಲ್ಲಿ ರೇಷ್ಮೆ ತನ್ನ ತೂಕದ ಸುಮಾರು 11 ಪ್ರತಿಶತ, ವಿಸ್ಕೋಸ್ ಸುಮಾರು 13 ಪ್ರತಿಶತ ತೇವ ಹಿಡಿದಿಡುತ್ತವೆ. ರೇಯಾನಿನ ಸಾಂದ್ರತೆ ಹೆಚ್ಚು, ಆದ್ದರಿಂದ ಅದು ಬೆರೆತ ಬಟ್ಟೆ ಭಾರವಾಗಿ, ಒಳ್ಳೆಯ ಇಳಿಬೀಳಿನಿಂದ ನೆರಿಗೆ ಬೀಳುತ್ತದೆ. ಆದರೆ ಮುದುಡಿದ ಗೆರೆಗಳು ರೇಷ್ಮೆಯಲ್ಲಿರುವಷ್ಟು ಬೇಗ ಮಾಯುವುದಿಲ್ಲ.

ಮುಂದಿನ ಬಾರಿ ಬಟ್ಟೆ ಕೊಳ್ಳುವಾಗ ಹಾಸಿನದೊಂದು, ಹೊಕ್ಕಿನದೊಂದು ಎಳೆ ಬಿಡಿಸಿ ಬೇರೆಬೇರೆಯಾಗಿ ಸುಟ್ಟು ನೋಡಿ. ರೇಷ್ಮೆ ಸುಟ್ಟ ಕೂದಲಿನಂತೆ ನಾರಿ, ಬೆರಳಲ್ಲಿ ಪುಡಿಯಾಗುವ ಕರಿಯ ಉಂಡೆ ಬಿಡುತ್ತದೆ. ರೇಯಾನ್ ಕಾಗದದಂತೆ ಸುಟ್ಟು, ಬೂದು ಬಣ್ಣದ ಹಗುರ ಬೂದಿಯಾಗುತ್ತದೆ. ಒಂದೇ ಎಳೆಯಲ್ಲಿ ಎರಡೂ ಲಕ್ಷಣ ಕಂಡರೆ ನೂಲೇ ಬೆರೆತದ್ದು.