ಗರ್ಭಕೋಶ ತೆಗೆಸಿ ಅಂದಿದ್ದಾರೆ, ಸೋಮವಾರ ಡೇಟ್ ಕೊಟ್ಟಿದ್ದಾರೆ, ಏನು ಮಾಡಲಿ?

ಕಾಫಿಹೂ (ಸಕಲೇಶಪುರ ಕಡೆ)

ನನಗೆ 43 ವರ್ಷ. ಇಬ್ಬರು ಮಕ್ಕಳು, ಎರಡೂ ನಾರ್ಮಲ್ ಹೆರಿಗೆ. ಒಂದೂವರೆ ವರ್ಷದಿಂದ ಮುಟ್ಟಾದರೆ ಒಂಬತ್ತು ಹತ್ತು ದಿನ ನಿಲ್ಲುವುದೇ ಇಲ್ಲ. ಮೊದಲ ಮೂರು ದಿನವಂತೂ ಹೆಪ್ಪುಗಟ್ಟಿದ ರಕ್ತ ಉಂಡೆ ಉಂಡೆಯಾಗಿ ಹೋಗುತ್ತದೆ. ಹಾಸನಕ್ಕೆ ಬಸ್ಸಲ್ಲಿ ಹೋಗಬೇಕಾದರೆ ಸೀಟಿನ ಮೇಲೆ ಕಪ್ಪು ಟವೆಲ್ ಹಾಸಿಕೊಂಡು ಕೂರುತ್ತೇನೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಮನೆಯವರು ಏಳುವ ಮುಂಚೆ ತಣ್ಣೀರಲ್ಲಿ ಬೆಡ್‌ಶೀಟ್ ತೊಳೆದು ಹಾಕುತ್ತೇನೆ, ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ.

ಹಿಮೋಗ್ಲೋಬಿನ್ 7.8 ಬಂದಿದೆ. ಸ್ಕ್ಯಾನಿಂಗಲ್ಲಿ ಗರ್ಭಕೋಶದಲ್ಲಿ 5 ಸೆಂಟಿಮೀಟರ್ ಫೈಬ್ರಾಯ್ಡ್ ಗಡ್ಡೆ ಇದೆ ಎಂದರು. ಒಂದು ಪ್ರೈವೇಟ್ ಆಸ್ಪತ್ರೆಯಲ್ಲಿ ತೋರಿಸಿದೆ, ಐದೇ ನಿಮಿಷ ಮಾತಾಡಿದರು. "ಮಕ್ಕಳಾಗಿವೆಯಲ್ಲ, ಇನ್ಯಾಕೆ ಬೇಕು, ಇಟ್ಟುಕೊಂಡರೆ ಕ್ಯಾನ್ಸರ್ ಆಗಬಹುದು" ಎಂದು ಸೋಮವಾರಕ್ಕೆ ಬರೆದುಕೊಟ್ಟರು. ಮನೆಯವರು ಮಾಡಿಸಿಬಿಡು ಅನ್ನುತ್ತಾರೆ. ಅಮ್ಮ ಬೇಡವೇ ಬೇಡ, ಸೊಂಟದ ಶಕ್ತಿ ಹೋಗುತ್ತದೆ ಅನ್ನುತ್ತಾರೆ. ನಿಜ ಹೇಳಬೇಕೆಂದರೆ ನನಗೆ ಸಾಕಾಗಿದೆ. ಆದರೆ ಕ್ಯಾನ್ಸರ್ ಅನ್ನುವ ಮಾತು ಕೇಳಿದಾಗಿನಿಂದ ನಿದ್ದೆ ಇಲ್ಲ. ಮಾಡಿಸಿಕೊಂಡವರು, ಬೇಡ ಎಂದು ಬಿಟ್ಟವರು ದಯವಿಟ್ಟು ಬರೆಯಿರಿ.

ಬೇಲೂರಿನ ಅಕ್ಕ

ತಂಗೀ, ನಾನು 46ಕ್ಕೆ ಮಾಡಿಸಿಕೊಂಡೆ, ಈಗ ಎರಡು ವರ್ಷ. ನನಗೆ ಗಡ್ಡೆ ಅಲ್ಲ, ಗರ್ಭಕೋಶದ ಒಳಪದರ ಅದರ ಗೋಡೆಯೊಳಗೇ ಬೆಳೆಯುವ ತೊಂದರೆ ಇತ್ತು, ಅಡಿನೋಮಯೋಸಿಸ್ ಅನ್ನುತ್ತಾರೆ. ಮಾತ್ರೆ ಆಯಿತು, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಕಾಯಿಲ್ ಹಾಕಿಸಿದೆ, ಅದು ಜಾರಿ ಬಿದ್ದೇ ಹೋಯಿತು. ಆಮೇಲೆ ಕೀಹೋಲಲ್ಲಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ, ಗರ್ಭಕೋಶ ತೆಗೆಸಿದೆ. ಅಂಡಾಶಯ ಎರಡೂ ಉಳಿಸಿದ್ದಾರೆ. ಮೊದಲ ವಾರ ಕೆಮ್ಮು ಬಂದರೆ ದಿಂಬನ್ನು ಹೊಟ್ಟೆಗೆ ಅವುಚಿಕೊಂಡು ಕೆಮ್ಮುತ್ತಿದ್ದೆ. ಆರು ವಾರ ಕೊಡಪಾನ ಎತ್ತಲಿಲ್ಲ, ಅತ್ತೆಯೇ ನೀರು ತಂದರು. ಸೊಂಟದ ಶಕ್ತಿ ಎಲ್ಲಿಗೂ ಹೋಗಿಲ್ಲ ಅಂತ ಅಮ್ಮನಿಗೆ ಹೇಳು. ಗಂಡ ಹೆಂಡತಿ ಸೇರುವುದಕ್ಕೂ ನನಗೆ ತೊಂದರೆ ಆಗಿಲ್ಲ, ಎರಡು ತಿಂಗಳು ಕಾಯಬೇಕಾಯಿತು ಅಷ್ಟೇ. ನನಗೆ ಒಳ್ಳೆಯದೇ ಆಯಿತು, ಆದರೆ ನಾನು ಬೇರೆಲ್ಲ ನೋಡಿದ ಮೇಲೆ ಮಾಡಿಸಿದ್ದು.

ಹಾಸನ ಸ್ಟಾಫ್ ನರ್ಸ್

ನಾನು ಡಾಕ್ಟರ್ ಅಲ್ಲ. ಹದಿನಾರು ವರ್ಷದಿಂದ ಹೆಂಗಸರ ವಾರ್ಡಲ್ಲಿ ಕೆಲಸ ಮಾಡುತ್ತಿದ್ದೇನೆ, ಗೊತ್ತಿರುವುದನ್ನು ಹೇಳುತ್ತೇನೆ.

ಮೊದಲು ಆ ಕ್ಯಾನ್ಸರ್ ಭಯ ಬಿಡಿ. ಫೈಬ್ರಾಯ್ಡ್ ಕ್ಯಾನ್ಸರ್ ಆಗುವುದು ತೀರಾ ಅಪರೂಪ, ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ತಾನೇ ಕುಗ್ಗುತ್ತದೆ. ಆದರೆ ನಿಮ್ಮ ವಯಸ್ಸಲ್ಲಿ ಇಷ್ಟು ದಿನ ರಕ್ತ ಹೋಗುತ್ತಿದ್ದರೆ ಗರ್ಭಕೋಶದ ಒಳಪದರದ ಚೂರು ತೆಗೆದು ಬಯಾಪ್ಸಿಗೆ ಕಳಿಸಿ ನೋಡುವುದು ಒಳ್ಳೆಯದು. ಅದನ್ನು ಮಾಡಿದ್ದಾರಾ? ಥೈರಾಯ್ಡ್ ನೋಡಿದ್ದಾರಾ? ಥೈರಾಯ್ಡ್ ಕಮ್ಮಿ ಇದ್ದರೂ ಹೀಗೆ ರಕ್ತ ಹೋಗಬಹುದು. ಗಡ್ಡೆ ಎಲ್ಲಿದೆ ಎನ್ನುವುದೂ ಮುಖ್ಯ, ಅಳತೆ ಒಂದೇ ಸಾಲದು. ಒಳಪದರದ ಕಡೆಗೆ ಉಬ್ಬಿದ್ದರೆ ಚಿಕ್ಕದಾದರೂ ಜಾಸ್ತಿ ರಕ್ತ, ಹೊರಗಡೆಗಿದ್ದರೆ ದೊಡ್ಡದಿದ್ದರೂ ಏನೂ ಗೊತ್ತಾಗದೆ ಇರಬಹುದು.

7.8 ಇದ್ದಾಗ, ತುರ್ತು ಇಲ್ಲದಿದ್ದರೆ, ಆಪರೇಷನ್‌ಗೆ ಮೊದಲು ಹಿಮೋಗ್ಲೋಬಿನ್ ಹೆಚ್ಚಿಸಿಕೊಳ್ಳಬೇಕು. ಕಬ್ಬಿಣದ ಇಂಜೆಕ್ಷನ್ ನರಕ್ಕೆ ಕೊಡುತ್ತಾರೆ, ಕೆಲವೇ ವಾರದಲ್ಲಿ ಏರುತ್ತದೆ. ಮಾತ್ರೆಯಾದರೆ ನಿಂಬೆಹಣ್ಣಿನ ಶರಬತ್ತಿನ ಜೊತೆ ನುಂಗಿ, ಅದರ ಹಿಂದೆ ಮುಂದೆ ಕಾಫಿ ಟೀ ಕುಡಿಯಬೇಡಿ (ನಮ್ಮ ಕಡೆ ಇದೇ ಕಷ್ಟ, ಅಲ್ವಾ). ಅಲ್ಲಿಯವರೆಗೆ ರಕ್ತ ಕಮ್ಮಿ ಮಾಡಲು ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಇದೆ, ರಕ್ತ ಹೋಗುವ ದಿನಗಳಲ್ಲಿ ಮಾತ್ರ ತಗೊಳ್ಳುವುದು. ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟಿದ ಹಿನ್ನೆಲೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ಗರ್ಭಕೋಶ ಉಳಿಸಿಕೊಳ್ಳುವ ದಾರಿಗಳೂ ಇವೆ. ಹಾರ್ಮೋನ್ ಕಾಯಿಲ್, ಅಂದರೆ ಮಿರೇನಾ ಥರದ್ದು, ಕನಿಷ್ಠ ಐದು ವರ್ಷ ಕೆಲಸ ಮಾಡುತ್ತದೆ. ಗಡ್ಡೆ ಒಳಗಿನ ಜಾಗವನ್ನು ಸೊಟ್ಟ ಮಾಡಿದ್ದರೆ ಕೂರದೆ ಇರಬಹುದು. ಒಳಕ್ಕೆ ಉಬ್ಬಿದ ಗಡ್ಡೆ ಚಿಕ್ಕದಿದ್ದರೆ ಹೊಟ್ಟೆ ಕುಯ್ಯದೆ ಕೆಳಗಿನಿಂದಲೇ ಕ್ಯಾಮೆರಾ ಹಾಕಿ ತೆಗೆಯುತ್ತಾರೆ. ಗಡ್ಡೆ ಮಾತ್ರ ತೆಗೆಸಬಹುದು, ಮತ್ತೆ ಬೆಳೆಯುವ ಸಾಧ್ಯತೆ ಇರುತ್ತದೆ. ರಕ್ತನಾಳದಲ್ಲಿ ಸಣ್ಣ ನಳಿಕೆ ಹಾಕಿ ಗಡ್ಡೆಗೆ ಹೋಗುವ ರಕ್ತವನ್ನು ಸಣ್ಣ ಸಣ್ಣ ಕಣಗಳಿಂದ ತಡೆಯುವ ಎಂಬೊಲೈಸೇಶನ್ ಇದೆ, ಅದಕ್ಕೆ ದೊಡ್ಡ ಊರಿಗೇ ಹೋಗಬೇಕಾಗಬಹುದು. ಒಳಪದರ ಸುಡುವುದೂ ಇದೆ, ಆದರೆ ದೊಡ್ಡ ಗಡ್ಡೆ ಇದ್ದವರಿಗೆ ಆಗಿಬರುವುದಿಲ್ಲ.

ತೆಗೆಸುವುದೇ ಎಂದಾದರೆ ಏನೇನು ತೆಗೆಯುತ್ತಾರೆ ಅಂತ ಬಾಯಿಬಿಟ್ಟು ಕೇಳಿ. ಗರ್ಭಕೋಶದ ಬಾಯಿ ಉಳಿಸಿದರೆ ಪ್ಯಾಪ್ ಟೆಸ್ಟ್, ಅಂದರೆ ಆ ಬಾಯಿಯ ಕ್ಯಾನ್ಸರ್ ತಪಾಸಣೆ, ಮುಂದುವರಿಸಬೇಕು. ಗರ್ಭಕೋಶದ ಎರಡು ಬದಿಯ ಅಂಡನಾಳಗಳನ್ನು (ಟ್ಯೂಬ್) ಜೊತೆಯಲ್ಲೇ ತೆಗೆದರೆ ಮುಂದೆ ಅಂಡಾಶಯದ ಕ್ಯಾನ್ಸರ್ ಸಾಧ್ಯತೆ ಕಮ್ಮಿ ಆಗುತ್ತದೆ. ಅಂಡಾಶಯ ಮಾತ್ರ ಕಾರಣವಿಲ್ಲದೆ ತೆಗೆಸಬೇಡಿ, ಇದನ್ನು ಎರಡು ಸಲ ಹೇಳುತ್ತಿದ್ದೇನೆ, ತೆಗೆಸಬೇಡಿ. ದಾರಿ ಮೂರು: ಹೊಟ್ಟೆ ಕುಯ್ದು, ಕೀಹೋಲ್, ಇಲ್ಲವೇ ಕೆಳಗಿನಿಂದ. ನಿಮಗೆ ಎರಡೂ ನಾರ್ಮಲ್ ಹೆರಿಗೆ, ಕೆಳಗಿನಿಂದ ಆಗುತ್ತದಾ ಕೇಳಿ, ಹಾಗಾದರೆ ಹೊಟ್ಟೆಯ ಮೇಲೆ ಹೊಲಿಗೆಯೇ ಇರುವುದಿಲ್ಲ. ಯಾವ ದಾರಿಯಾದರೂ ರಕ್ತಸ್ರಾವ, ಸೋಂಕು, ಮೂತ್ರಚೀಲಕ್ಕೆ ಪೆಟ್ಟು, ಕಾಲಲ್ಲಿ ರಕ್ತ ಹೆಪ್ಪುಗಟ್ಟುವುದು, ಇವು ಸ್ವಲ್ಪ ಮಟ್ಟಿಗೆ ಇದ್ದೇ ಇರುತ್ತವೆ.

ಕಾಯುವಾಗ ಗಂಟೆಗೊಂದು ಪ್ಯಾಡ್ ತುಂಬಿ, ತಲೆ ಸುತ್ತಿ, ಎದೆ ಡವಡವ ಎಂದರೆ ರಾತ್ರಿಯಾದರೂ ಎಮರ್ಜೆನ್ಸಿಗೆ ಬನ್ನಿ.

ಕಡೂರಿನವಳು

ನರ್ಸ್ ಅಕ್ಕ ಅಂಡಾಶಯದ ಬಗ್ಗೆ ಹೇಳಿದ್ದಕ್ಕೆ ನಾನು ಬರೆಯಲೇಬೇಕು. ನಮ್ಮ ಅಕ್ಕನಿಗೆ 35ಕ್ಕೇ ಗರ್ಭಕೋಶ ತೆಗೆದರು, ಬಿಳಿ ಹೋಗುತ್ತದೆ ಅನ್ನುವ ಒಂದೇ ಕಾರಣಕ್ಕೆ. ಅಂಡಾಶಯವನ್ನೂ ತೆಗೆದಿದ್ದಾರೆ ಅಂತ ಗೊತ್ತಾಗಿದ್ದು ಎರಡು ತಿಂಗಳಾದ ಮೇಲೆ. ಚಳಿಗಾಲದಲ್ಲೂ ಮೈಯೆಲ್ಲ ಬೆಂಕಿ ಹೊತ್ತಿದ ಹಾಗೆ ಬೆವರುತ್ತಿದ್ದಳು, ಯಾಕೆ ಅಂತ ಡಿಸ್ಚಾರ್ಜ್ ಚೀಟಿ ತೆಗೆದು ಬೇರೆ ಡಾಕ್ಟರಿಗೆ ತೋರಿಸಿದಾಗ ಅವರು ಓದಿ ಹೇಳಿದರು. ಅಂಡಾಶಯ ಹೋಗಿ ನಿಂತ ಹಾರ್ಮೋನಿಗೆ ಬದಲಾಗಿ ಹಾರ್ಮೋನ್ ಮಾತ್ರೆ ಕೊಡಬಹುದಿತ್ತು ಎನ್ನುವುದನ್ನೂ ಯಾರೂ ಹೇಳಿರಲಿಲ್ಲ. 44ಕ್ಕೆ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿಯಿತು, ಮೂಳೆ ಟೊಳ್ಳಾಗಿದೆ ಎಂದರು. ಅವಳ ಆ ಕೈ ಈಗಲೂ ಪೂರ್ತಿ ತಿರುಗುವುದಿಲ್ಲ, ಮುದ್ದೆ ತೊಳಸಲು ಆಗುವುದಿಲ್ಲ.

2015ರ ಸುಮಾರಿಗೆ ಕಲಬುರಗಿ ಕಡೆ ಲಂಬಾಣಿ, ದಲಿತ ಹೆಣ್ಣುಮಕ್ಕಳಿಗೆ ಹೀಗೇ ಬೇಡದಿದ್ದರೂ ಗರ್ಭಕೋಶ ತೆಗೆದಿದ್ದು ದೊಡ್ಡ ಸುದ್ದಿಯಾಗಿತ್ತು. ಇಂಥ ಆಪರೇಷನ್ ತಡೆಯಲು ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಮಾರ್ಗಸೂಚಿ ತಂದಿತು, 2023ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳೂ ಅದನ್ನು ಮೂರು ತಿಂಗಳಲ್ಲಿ ಜಾರಿಗೆ ತರಬೇಕು ಎಂದಿತು. ಇನ್ನೊಬ್ಬ ಡಾಕ್ಟರನ್ನು ಕೇಳುವುದು ಅಧಿಕಪ್ರಸಂಗ ಅಲ್ಲ. ಸ್ಕ್ಯಾನಿಂಗ್ ರಿಪೋರ್ಟ್ ನಿಮ್ಮದು, ಕೇಳಿ ಇಸಕೊಳ್ಳಿ.

ಮೂಡಿಗೆರೆ

ನನಗೆ 4 ಸೆಂಟಿಮೀಟರ್ ಗಡ್ಡೆ, ಗೋಡೆಯೊಳಗೆ. ಕಾಯಿಲ್ ಹಾಕಿಸಿ ಮೂರು ವರ್ಷ. ಮೊದಲ ನಾಲ್ಕು ತಿಂಗಳು ದಿನಾ ಚೂರು ಚೂರು ಕಲೆ ಕಾಣಿಸುತ್ತಿತ್ತು, ತೆಗೆಸಿಬಿಡೋಣ ಅನ್ನಿಸಿತ್ತು. ತಡೆದುಕೊಂಡೆ. ಈಗ ಮುಟ್ಟೇ ಇಲ್ಲ ಅನ್ನುವಷ್ಟು ಕಮ್ಮಿ. ಹಿಮೋಗ್ಲೋಬಿನ್ 12.

ಕಾಫಿಹೂ (ಸಕಲೇಶಪುರ ಕಡೆ)

ಎಲ್ಲರದ್ದೂ ಎರಡೆರಡು ಸಲ ಓದಿದೆ, ಮನೆಯವರಿಗೂ ಓದಿ ಹೇಳಿದೆ. ಬಯಾಪ್ಸಿ ಮಾಡಿಲ್ಲ, ಥೈರಾಯ್ಡೂ ನೋಡಿಲ್ಲ. ಗಡ್ಡೆ ಎಲ್ಲಿದೆ ಅಂತ ರಿಪೋರ್ಟಲ್ಲಿದೆ, ಗೋಡೆಯೊಳಗೆ, ಸ್ವಲ್ಪ ಒಳಕ್ಕೆ ಒತ್ತಿದೆ ಅಂತೆ. ಸೋಮವಾರ ಬೇಡ ಎಂದು ಫೋನ್ ಮಾಡಿ ಹೇಳಿದೆ, ಕೈ ನಡುಗುತ್ತಿತ್ತು. ಬುಧವಾರ ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ಗೆ ಹೋಗಿ ತೋರಿಸುತ್ತೇನೆ. ಅಲ್ಲೂ ತೆಗೆಸಿ ಅಂದರೆ ತೆಗೆಸುತ್ತೇನೆ, ಅಂಡಾಶಯ ಮಾತ್ರ ಉಳಿಸಿ ಎಂದು ಮೊದಲೇ ಹೇಳುತ್ತೇನೆ. ನರ್ಸ್ ಅಕ್ಕ, ಕಬ್ಬಿಣದ ಇಂಜೆಕ್ಷನ್ ಹಾಕಿಸಿದ ದಿನವೇ ಬಸ್ಸಲ್ಲಿ ವಾಪಸ್ ಬರಬಹುದಾ?

ಹಾಸನ ಸ್ಟಾಫ್ ನರ್ಸ್

ಬರಬಹುದು. ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಿ ನೋಡುತ್ತಾರೆ. ಖಾಲಿ ಹೊಟ್ಟೆಯಲ್ಲಿ ಬರಬೇಡಿ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಬನ್ನಿ.