ಮಂಡಿಯ ಫಾಕ್ಸ್‌ಪ್ರೊ ಲೆಕ್ಕ, ಕಾಟಾದ ವಿಂಡೋಸ್ ಪ್ರೋಗ್ರಾಂ: ಉಬುಂಟುವಿನಲ್ಲಿ ಓಡಿಸುವುದು ಹೇಗೆ?

ಮಂಡಿಪೇಟೆ_ದಾವಣಗೆರೆ:
ಎಪಿಎಂಸಿ ಯಾರ್ಡಿನ ದಲ್ಲಾಳಿ ಅಂಗಡಿ. ಮೆಕ್ಕೆಜೋಳದ ಪಟ್ಟಿ (ರೈತರ ಲೆಕ್ಕದ ಚೀಟಿ) ಮಾಡುವುದು ಹಳೆಯ ಡಾಸ್ ಕಾಲದ ಡೇಟಾಬೇಸ್ ಪ್ರೋಗ್ರಾಂ ಫಾಕ್ಸ್‌ಪ್ರೊ 2.6ರಲ್ಲಿ. ಈಗ 64 ಬಿಟ್ ಉಬುಂಟು (ಲಿನಕ್ಸ್) ಹಾಕಿದ್ದೇವೆ. ಡಾಸ್ ಪ್ರೋಗ್ರಾಂ ಓಡಿಸುವ ಡಾಸ್‌ಬಾಕ್ಸ್‌ನಲ್ಲಿ ಅದು ತೆರೆಯುತ್ತದೆ. ಆದರೆ ಎರಡು ಕೌಂಟರಿನಲ್ಲಿ ಒಟ್ಟಿಗೆ ಎಂಟ್ರಿ ಮಾಡಿದರೆ ಇಂಡೆಕ್ಸ್ (ದಾಖಲೆ ಹುಡುಕುವ ಸೂಚಿ ಫೈಲು) ಕೆಡುತ್ತದೆ, ಡಾಟ್ ಮ್ಯಾಟ್ರಿಕ್ಸ್‌ಗೆ ಪ್ರಿಂಟ್ ಹೋಗುವುದೇ ಇಲ್ಲ. ಕಾಟಾದಿಂದ ತೂಕ ಓದುವ ವಿಬಿ6 (ವಿಷುಯಲ್ ಬೇಸಿಕ್) ಪ್ರೋಗ್ರಾಂ, ಲಿನಕ್ಸಿನಲ್ಲಿ ವಿಂಡೋಸ್ ಪ್ರೋಗ್ರಾಂ ಓಡಿಸುವ ವೈನ್‌ನಲ್ಲಿ ತೆರೆದರೂ ಕಾಟಾದ ಸೀರಿಯಲ್ ಪೋರ್ಟ್ ಕಾಮ್1 ಸಿಗುತ್ತಿಲ್ಲ. ಬಲ್ಲವರು ತಿಳಿಸಿ.

ಕೋಟೆನಾಡು:
ಸರ್, ಮೊದಲು ಡೇಟಾ ಫೋಲ್ಡರಿನ ಒಂದು ಪ್ರತಿ ಬೇರೆ ಕಡೆ ತೆಗೆದಿಡಿ. ಕೆಟ್ಟ ಇಂಡೆಕ್ಸನ್ನು ರಿಇಂಡೆಕ್ಸ್ ಮಾಡಿ ಸರಿಪಡಿಸಬಹುದು, ಕೆಟ್ಟ ಡಿಬಿಎಫ್ (ಲೆಕ್ಕವೇ ಇರುವ ಡೇಟಾ ಫೈಲು) ಸರಿಯಾಗುವುದು ಕಷ್ಟ.

ಡಾಸ್‌ಬಾಕ್ಸ್ ಆಟಗಳಿಗೆಂದೇ ಮಾಡಿದ್ದು. ಫಾಕ್ಸ್‌ಪ್ರೊ ಕೇಳುವ ರೆಕಾರ್ಡ್ ಲಾಕ್ (ಒಬ್ಬರು ಬರೆಯುವಾಗ ಇನ್ನೊಬ್ಬರನ್ನು ತಡೆಯುವ ಬೀಗ) ಅದರಲ್ಲಿ ಲಿನಕ್ಸ್‌ವರೆಗೆ ಮುಟ್ಟುವುದೇ ಇಲ್ಲ. ಇಬ್ಬರೂ ತಮಗೇ ಲಾಕ್ ಸಿಕ್ಕಿತೆಂದು ಒಂದೇ ಜಾಗದಲ್ಲಿ ಬರೆಯುತ್ತಾರೆ. ವ್ಯಾಪಾರದ ಲೆಕ್ಕಕ್ಕೆ, ಲಿನಕ್ಸಿನಲ್ಲಿ ಡಾಸ್ ಓಡಿಸುವ ಇನ್ನೊಂದು ಪ್ರೋಗ್ರಾಂ ಡಾಸ್‌ಎಮು2 ಹಾಕಿ. ಡೇಟಾ ಒಂದೇ ಯಂತ್ರದಲ್ಲಿರಲಿ. ಎರಡನೇ ಕೌಂಟರಿನಿಂದ ಎಸ್‌ಎಸ್‌ಎಚ್ (ನೆಟ್‌ವರ್ಕಿನಲ್ಲಿ ಬೇರೆ ಯಂತ್ರಕ್ಕೆ ಲಾಗಿನ್ ಆಗುವ ವಿಧಾನ) ಮೂಲಕ ಒಳಬಂದು, ಡಾಸ್‌ಎಮುವನ್ನು ಮೈನಸ್ ಟಿ (-t) ಆಯ್ಕೆಯಿಂದ ಟರ್ಮಿನಲ್‌ನಲ್ಲೇ ತೆರೆಯಿರಿ. ನೆಟ್‌ವರ್ಕ್ ಶೇರ್ ಬೇಡವೇ ಬೇಡ. ಇಬ್ಬರಿಗೂ ಬೇರೆ ಬೇರೆ ಲಾಗಿನ್, ಬೇರೆ ಬೇರೆ ಟೆಂಪ್ ಫೋಲ್ಡರ್ ಕೊಡಿ, ಡೇಟಾ ಫೋಲ್ಡರಿಗೆ ಗ್ರೂಪಿನ ರೈಟ್ ಅನುಮತಿ ಇರಲಿ.

64 ಬಿಟ್ ಕರ್ನಲ್‌ನಲ್ಲಿ ಡಾಸ್ ಪ್ರೋಗ್ರಾಂಗಳನ್ನು ನೇರವಾಗಿ ಓಡಿಸುತ್ತಿದ್ದ ಹಳೆಯ ವಿಎಂ86 ಮೋಡ್ ಇಲ್ಲ. ಡಾಸ್‌ಎಮು2 ಕೆವಿಎಂ (ಲಿನಕ್ಸಿನ ವರ್ಚುವಲೈಸೇಶನ್ ಸೌಲಭ್ಯ) ಬಳಸುತ್ತದೆ, ಅದು ಸಿಗದಿದ್ದರೆ ಪ್ರೊಸೆಸರನ್ನೇ ಅನುಕರಿಸಿ ನಿಧಾನವಾಗುತ್ತದೆ. ಬಯಾಸ್‌ನಲ್ಲಿ ವರ್ಚುವಲೈಸೇಶನ್ ಆನ್ ಮಾಡಿ, ಬಳಕೆದಾರರನ್ನು ಕೆವಿಎಂ ಗುಂಪಿಗೆ ಸೇರಿಸಿ.

ಇನ್ನೊಂದು, ಲಿನಕ್ಸ್‌ಗೆ ದೊಡ್ಡಕ್ಷರದ ಹೆಸರು ಬೇರೆ, ಚಿಕ್ಕಕ್ಷರದ ಹೆಸರು ಬೇರೆ. ಪೆನ್‌ಡ್ರೈವ್‌ನಿಂದ ಎರಡು ಸಲ ಕಾಪಿ ಮಾಡಿದ್ದರೆ ಒಂದೇ ಹೆಸರಿನ ಎರಡು ಡಿಬಿಎಫ್ ಕೂತಿರುತ್ತವೆ, ಡಾಸ್‌ಗೆ ಕಾಣುವುದು ಒಂದೇ. ಹಳೆಯ ಬಾಕಿ ಮತ್ತೆ ಕಂಡರೆ ಮೊದಲು ಇದನ್ನು ನೋಡಿ.

ಪ್ರಿಂಟಿಗೆ ಡಾಸ್‌ಎಮು ಕಾನ್ಫಿಗ್‌ನಲ್ಲಿ ಎಲ್‌ಪಿಟಿ1ನ್ನು (ಡಾಸಿನ ಪ್ರಿಂಟರ್ ಪೋರ್ಟ್) ಲಿನಕ್ಸಿನ ಪ್ರಿಂಟ್ ಆಜ್ಞೆ ಎಲ್‌ಪಿಆರ್ ಮೈನಸ್ ಎಲ್‌ಗೆ (lpr -l) ಜೋಡಿಸಿ. ಆ ಮೈನಸ್ ಎಲ್ ಬಿಟ್ಟರೆ ಡ್ರೈವರ್ ನಡುವೆ ಬಂದು ಪ್ರಿಂಟರಿಗೆ ಆಜ್ಞೆ ಕೊಡುವ ಎಸ್ಕೇಪ್ ಕೋಡ್‌ಗಳನ್ನು ತಿಂದುಹಾಕುತ್ತದೆ, ಸಿಎಚ್‌ಆರ್ 15ರ ಕಂಡೆನ್ಸ್ಡ್ (ಒತ್ತಾದ ಸಣ್ಣ) ಅಕ್ಷರ ಬರುವುದಿಲ್ಲ. ಪ್ರಿಂಟರ್ ಟೈಮ್‌ಔಟ್ 20 ಸೆಕೆಂಡ್ ಇರುತ್ತದೆ, 5ಕ್ಕೆ ಇಳಿಸಿ. ಇಲ್ಲವಾದರೆ ರೈತರು ಚೀಟಿಗೆ ಸುಮ್ಮನೆ ಕಾಯಬೇಕು.

ಚಳ್ಳಕೆರೆ_ಶೇಂಗಾ:
ಕಾಟಾ ವಿಷಯ ಹೇಳ್ತೀನಿ. ಯುಎಸ್‌ಬಿ ಸೀರಿಯಲ್ ಕೇಬಲ್ ಅಲ್ಲವೇ? ವೈನ್ ಮೊದಲ 32 ಸಂಖ್ಯೆಗಳನ್ನು ಬೋರ್ಡಿನ ಪೋರ್ಟ್‌ಗಳಿಗೆ ಇಟ್ಟುಕೊಳ್ಳುತ್ತದೆ, ಹಾಗಾಗಿ ನಿಮ್ಮ ಕೇಬಲ್ ಕಾಮ್33 ಆಗಿರುತ್ತದೆ. ವೈನ್ ರೆಜೆಡಿಟ್‌ನಲ್ಲಿ (ಸೆಟ್ಟಿಂಗ್ ತಿದ್ದುವ ಸಾಧನ) ಲೋಕಲ್ ಮಷೀನ್, ಸಾಫ್ಟ್‌ವೇರ್, ವೈನ್, ಪೋರ್ಟ್ಸ್ ಕೀಗೆ ಹೋಗಿ ಕಾಮ್1ಕ್ಕೆ ಟಿಟಿವೈ‌ಯುಎಸ್‌ಬಿ0ಯ ಪೂರ್ತಿ ದಾರಿ (/dev/ttyUSB0) ಬರೆದು ವೈನ್ ಮುಚ್ಚಿ ತೆರೆಯಿರಿ. ಬಳಕೆದಾರರು ಸೀರಿಯಲ್ ಪೋರ್ಟ್ ಬಳಸುವ ಅನುಮತಿ ಇರುವ ಡಯಲ್‌ಔಟ್ ಗುಂಪಿನಲ್ಲಿ ಇಲ್ಲದಿದ್ದರೆ ಆಗಲೂ ತೆರೆಯುವುದಿಲ್ಲ. ಗುಂಪಿಗೆ ಸೇರಿಸಿದ ಮೇಲೆ ಲಾಗ್‌ಔಟ್ ಮಾಡಲೇಬೇಕು.

ಮಂಡಿಪೇಟೆ_ದಾವಣಗೆರೆ:
ತೂಕ ಬಂತು, ಪ್ರಿಂಟೂ ಬಂತು, ತುಂಬಾ ಧನ್ಯವಾದ. ನಮ್ಮ ಪಟ್ಟಿ 6 ಇಂಚಿನದು. ಒಂದು ಮುಗಿದ ಮೇಲೆ ಮುಂದಿನ ಹಾಳೆಯೂ ಖಾಲಿ ಹೊರಗೆ ಬರುತ್ತಿದೆ.

ಕೋಟೆನಾಡು:
ಪ್ರಿಂಟರ್ ಪುಟದ ಉದ್ದವನ್ನು 11 ಅಥವಾ 12 ಇಂಚು ಅಂದುಕೊಂಡಿದೆ. ಇಂಚಿಗೆ 6 ಸಾಲಿನಂತೆ ನಿಮ್ಮದು 36 ಸಾಲು. ಪಟ್ಟಿ ಶುರುವಾಗುವ ಮುನ್ನ 27, 67, 36 ಈ ಮೂರು ಕೋಡ್ (ಪುಟದ ಉದ್ದ 36 ಸಾಲು ಎನ್ನುವ ಆಜ್ಞೆ) ಕಳಿಸಿ ನೋಡ್ರಿ. ಪೇಪರ್ ಹರಿಯುವ ತೂತು ಸಾಲಿಗೆ ಹೆಡ್ ಸರಿಯಾಗಿ ಕೂರಿಸಿಕೊಂಡೇ ಕಳಿಸಿ, ಅಲ್ಲಿಂದಲೇ ಅದು ಪುಟ ಎಣಿಸುವುದು.